ಲೇಖನವೂ ಒಂದು ಅಡಿಕೆ ಗಿಡ

ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು ಕವುಚಿಟ್ಟು, ಮಕ್ಕಳು ಶಾಲೆಯಿಂದ ಬರುವ ತನಕ ಗೃಹಿಣಿಯರಾದ ನಮಗೆ ಒಂದೂವರೆ ಗಂಟೆ ಸಿಗುತ್ತದಷ್ಟೆ? ಆ ಹೊತ್ತನ್ನು ನೀವು ಹೇಗೆ ಕಳೆಯುತ್ತೀರಿ? ನಮ್ಮ ಕಲ್ಲಡ್ಕದ ಕಡೆ ಎಷ್ಟೋ ಮನೆಗಳಲ್ಲಿ ಆಗ ಜಗಲಿಗೆ ಬೀಡಿಯ ಮೊರ ಬರುತ್ತದೆ. ಕೆಲವರು ಹಪ್ಪಳ ಒತ್ತುತ್ತಾರೆ. ನಾನು ಎರಡನೆಯ ಗುಂಪಿನವಳು.

ಈಗ ಕೆಲವು ವರ್ಷಗಳಿಂದ ಅದೇ ಹೊತ್ತಿಗೆ ಮೊಬೈಲಿನಲ್ಲಿ ಇನ್ನೊಂದು ಮಾತು ಕೇಳಿಬರುತ್ತಿದೆ. "ಮನೆಯಲ್ಲೇ ಕುಳಿತು ಅಂತರ್ಜಾಲಕ್ಕೆ ಲೇಖನ ಬರೆಯಿರಿ. ಒಮ್ಮೆ ಬರೆದಿಟ್ಟರೆ ಸಾಕು, ನೀವು ಮಲಗಿದ್ದರೂ ಹಣ ಬರುತ್ತಿರುತ್ತದೆ!" ಕೇಳಲಿಕ್ಕೆ ಎಷ್ಟು ಚೆನ್ನ, ಅಲ್ಲವೇ? ನಾನೂ ಕೇಳಿದೆ, ನಂಬಿದೆ, ಮೊದಲು ಕೈ ಸುಟ್ಟುಕೊಂಡೆ, ಆಮೇಲೆ ನಾಲ್ಕು ಕಾಸು ಕಂಡೆ. ಎರಡನ್ನೂ ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಮೊದಲು ನನ್ನ ಪೆದ್ದುತನ

2021ರಲ್ಲಿ ಒಂದು ಜಾಹೀರಾತು ನೋಡಿದೆ. ಬರೆಯುವ ಕೆಲಸ, ತಿಂಗಳಿಗೆ ಹದಿನೈದು ಸಾವಿರ, ನೋಂದಣಿಗೆ 1,500 ರೂಪಾಯಿ. ಹಪ್ಪಳ ಮಾರಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣವನ್ನು ಯಜಮಾನರಿಗೂ ಹೇಳದೆ ಕಟ್ಟಿದೆ. ಹತ್ತು ಲೇಖನ ಬರೆದು ಕಳಿಸಿದೆ. "ತಪ್ಪುಗಳಿವೆ, ಇನ್ನೂ 2,000 ಕಟ್ಟದಿದ್ದರೆ ಕೇಸು ಹಾಕುತ್ತೇವೆ" ಅಂತ ಫೋನು ಬಂತು. ಎರಡು ರಾತ್ರಿ ನಿದ್ದೆ ಇಲ್ಲ. ಕೊನೆಗೆ ಹೇಳಿಯೇಬಿಟ್ಟೆ. ಅವರು ಬೈಯಲಿಲ್ಲ. "ಹೋದದ್ದು ಹೋಯ್ತು. ನಾಲ್ಕು ಜನಕ್ಕೆ ಹೇಳು, ಅವರದ್ದಾದರೂ ಉಳಿಯಲಿ" ಎಂದರು. ಇಂದು ಹೇಳುತ್ತಿದ್ದೇನೆ.

ಸೋದರಿಯರೇ, ಇದೊಂದನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಕೆಲಸ ಕೊಡುವವರು ನಮಗೆ ಹಣ ಕೊಡಬೇಕೇ ಹೊರತು ನಮ್ಮಿಂದ ಕೇಳಬಾರದು. ಕೇಳಿದರೆ ಅಲ್ಲಿಗೇ ಬಿಡಿ. ಒಂದು ವೇಳೆ ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಹಿಂದೆ ಬರುವ ಆಸೆ ಕಡಿಮೆ.

ಹಣ ಎಲ್ಲಿಂದ ಬರುತ್ತದೆ?

ಲೇಖನದಿಂದ ಮುಖ್ಯವಾಗಿ ಮೂರು ಬಗೆಯ ಸಂಪಾದನೆ. ಮೊದಲನೆಯದು, ಒಂದು ಲೇಖನಕ್ಕೆ ಇಷ್ಟು ಅಂತ ಮಾತಾಡಿ ಬರೆದುಕೊಡುವುದು. ಇದು ಕೂಲಿ. ಬರೆದರೆ ಉಂಟು, ಬಿಟ್ಟರೆ ಇಲ್ಲ.

ಎರಡನೆಯದು, ಓದುಗರು ಕಟ್ಟುವ ಚಂದಾದಲ್ಲಿ ಪಾಲು. ಕತೆ, ಧಾರಾವಾಹಿ ಬರೆಯುವವರಿಗೆ 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಪ್ರತಿಲಿಪಿ' ಇದೆ. ಕನ್ನಡದಲ್ಲೇ ಬರೆಯಬಹುದು. ಆದರೆ ಹಣ ಸಿಗುವ ನಿಯಮಗಳನ್ನು ಮೊದಲು ಪೂರ್ತಿ ಓದಿಕೊಳ್ಳಿ.

ಮೂರನೆಯದು, ನಿಮ್ಮದೇ ಒಂದು ತಾಣ ಮಾಡಿ, ಅದರಲ್ಲಿ ಜಾಹೀರಾತಿಗೆ ಜಾಗ ಕೊಡುವುದು. ಗೂಗಲ್‌ನವರ 'ಆಡ್‌ಸೆನ್ಸ್' ಇದಕ್ಕೆ ಹೆಸರಾದದ್ದು. ಬೇರೆಯವರದ್ದನ್ನು ನಕಲು ಮಾಡಿದರೆ ಅವರು ಒಪ್ಪುವುದಿಲ್ಲ. ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ, ಆದ್ದರಿಂದ ವಿಳಾಸ ಸರಿಯಾಗಿ ಕೊಡಿ. 100 ಡಾಲರ್ ಆಗುವ ತನಕ ಹಣ ಕೈಗೆ ಬಾರದು. ಬ್ಯಾಂಕಿನಲ್ಲಿ 'ಸ್ವಿಫ್ಟ್' ಸಂಖ್ಯೆ ಕೇಳಿ ಇಟ್ಟುಕೊಳ್ಳಿ, ಪರದೇಶದ ಹಣ ಬರಲಿಕ್ಕೆ ಅದು ಬೇಕು.

"ಸಾವಿರಕ್ಕೆ ಎಷ್ಟು ಸಿಗ್ತದೆ ಅಕ್ಕಾ?"

ನಾನು 2022ರಲ್ಲಿ ತಾಣ ಶುರುಮಾಡಿದಾಗ ಪಕ್ಕದ ಮನೆಯ ಹೆಂಗಸು, ಬೀಡಿ ಕಟ್ಟುತ್ತಲೇ ಕೇಳಿದ ಪ್ರಶ್ನೆ ಇದು. ಬೀಡಿಯ ಮಜೂರಿಯೂ ಸಾವಿರದ ಲೆಕ್ಕ, ಇದೂ ಸಾವಿರದ ಲೆಕ್ಕವೇ! ಸಾವಿರ ಸಲ ಓದಿದರೆ ನನಗೆ ಸಿಕ್ಕಿದ್ದು ಒಮ್ಮೆ 40 ರೂಪಾಯಿ, ಒಮ್ಮೆ ಬರೇ 15. ಸಾವಿರ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟರೆ ಇದಕ್ಕಿಂತ ಎಷ್ಟೋ ಹೆಚ್ಚು. ಕೇಳಿ ಅವಳು ನಕ್ಕುಬಿಟ್ಟಳು.

ಮೊದಲ ನೂರು ಡಾಲರ್ ಕೂಡಲಿಕ್ಕೆ ನನಗೆ ಎರಡು ವರ್ಷ ಮೂರು ತಿಂಗಳು ಬೇಕಾಯಿತು. ಬರೆದ ಲೇಖನ 80. ಜನ ಮತ್ತೆ ಮತ್ತೆ ಹುಡುಕಿಕೊಂಡು ಬಂದು ಓದಿದ್ದು ಅದರಲ್ಲಿ ಏಳನ್ನು ಮಾತ್ರ. ಆದರೆ ಒಂದು ವ್ಯತ್ಯಾಸ ಉಂಟು ನೋಡಿ. ಕಟ್ಟಿಕೊಟ್ಟ ಬೀಡಿಗೆ ಮಜೂರಿ ಒಂದೇ ಸಲ. ಆ ಏಳು ಲೇಖನಗಳು ಈಗಲೂ ಪ್ರತಿ ತಿಂಗಳೂ ಏನಾದರೊಂದು ತರುತ್ತಿವೆ.

ನಮ್ಮೂರಿನವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಅಡಿಕೆ ಗಿಡ ನೆಟ್ಟ ವರ್ಷವೇ ಯಾರಾದರೂ ಗೊನೆ ನೋಡಲಿಕ್ಕೆ ಹೋಗುತ್ತಾರೆಯೇ? ಐದಾರು ವರ್ಷ ನೀರು, ಗೊಬ್ಬರ ಹಾಕಬೇಕು. ಫಸಲು ಬಂದ ಮೇಲೂ ಮಳೆಗೆ ಮೊದಲು ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಲೇಖನವೂ ಹಾಗೆಯೇ. ಹಳತಾದ ಮಾಹಿತಿ ತೆಗೆದು ಹೊಸತು ಸೇರಿಸದಿದ್ದರೆ ಓದುವವರು ಉದುರಿಹೋಗುತ್ತಾರೆ. 'ಮಲಗಿದ್ದರೂ ಹಣ' ಎನ್ನುವವರು ತೋಟ ಮಾಡಿದವರಲ್ಲ!

ಏನನ್ನು ಬರೆಯುವುದು?

"ನಮಗೇನು ಗೊತ್ತು ಬರೆಯಲಿಕ್ಕೆ?" ಅಂತೀರಾ? ಇಲ್ಲೇ ಹತ್ತಿರದ ಪುತ್ತೂರಿನಲ್ಲಿ 1988ರಿಂದ 'ಅಡಿಕೆ ಪತ್ರಿಕೆ' ಬರುತ್ತಿದೆ. ಶ್ರೀಪಡ್ರೆಯವರು ಅದನ್ನು ಕಟ್ಟಿದ್ದು ಕೃಷಿಕರ ಕೈಗೆ ಲೇಖನಿ ಕೊಟ್ಟು. ತೋಟದಲ್ಲಿ ದುಡಿಯುವವರೇ ತಮ್ಮ ಅನುಭವ ಬರೆದರು, ಇತರ ಕೃಷಿಕರು ನಂಬಿ ಓದಿದರು. ಅಡುಗೆಮನೆಗೂ ಅದೇ ನ್ಯಾಯ.

ಇಂದು ಯಂತ್ರವೇ ಕ್ಷಣದಲ್ಲಿ ಲೇಖನ ಬರೆದುಕೊಡುತ್ತದೆ. 'ಹಲಸಿನ ಪ್ರಯೋಜನಗಳು' ಎಂದು ನೀವು ಬರೆದರೆ ಅದಕ್ಕೂ ನಿಮಗೂ ವ್ಯತ್ಯಾಸವೇನು? ಆದರೆ ಭರಣಿಯಲ್ಲಿ ಹಾಕಿದ ಉಪ್ಪುಸೊಳೆ ಮೆತ್ತಗಾಗಿದ್ದು ಯಾಕೆ, ಮೋಡ ಬಂದ ದಿನ ಒತ್ತಿದ ಹಪ್ಪಳವನ್ನು ಹೇಗೆ ಉಳಿಸಿಕೊಂಡಿರಿ, ಪತ್ರೊಡೆಗೆ ಯಾವ ಕೆಸುವಿನೆಲೆ ತುರಿಸುವುದಿಲ್ಲ, ಇದು ಕೆಲಸ ಮಾಡಿದ ಕೈಗೆ ಗೊತ್ತು. ನನ್ನ ಏಳು ಲೇಖನಗಳಲ್ಲಿ ಐದು ಹೀಗೆ ಅಡುಗೆ ಕೆಟ್ಟದ್ದರ ಬಗ್ಗೆಯೇ! ಹೆದ್ದಾರಿಯಲ್ಲಿ ಹೋಗುವವರು ನಮ್ಮ ಕಲ್ಲಡ್ಕದಲ್ಲಿ ಗಾಡಿ ನಿಲ್ಲಿಸಿ ಕೆ.ಟಿ. ಕುಡಿಯುತ್ತಾರೆ. ಚಹಾ ಎಲ್ಲಿಲ್ಲ? ಹಾಲಿನ ಮೇಲೆ ಡಿಕಾಕ್ಷನ್ ಬೇರೆಯಾಗಿ ನಿಲ್ಲುವುದನ್ನು ನೋಡಲಿಕ್ಕೆ ತಾನೆ ನಿಲ್ಲಿಸುವುದು?

ಕನ್ನಡ ಬೆರಳಚ್ಚು ಬಾರದಿದ್ದರೆ ಹೆದರಬೇಡಿ. ಮೊಬೈಲಿಗೆ ಕನ್ನಡದಲ್ಲಿ ಹೇಳಿದರೆ ಅದೇ ಅಕ್ಷರ ಮೂಡಿಸುತ್ತದೆ. ಆಮೇಲೆ ತಪ್ಪು ತಿದ್ದಿಕೊಳ್ಳಿ.

ಇಷ್ಟನ್ನು ಮರೆಯಬೇಡಿ

ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಎರಡೂ ನಿಮ್ಮ ಹೆಸರಿನಲ್ಲೇ ಇರಲಿ. ಖಾತೆಯ ಗುಟ್ಟಿನ ಸಂಖ್ಯೆ, ಓಟಿಪಿ ಯಾರಿಗೂ ಕೊಡಬೇಡಿ.

ನೀವು ಬರೆದದ್ದು ನಿಮ್ಮ ಆಸ್ತಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರ ಜೀವಮಾನವಿಡೀ, ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಅದನ್ನು ಇನ್ನೊಬ್ಬರಿಗೆ ವಹಿಸುವುದಾದರೆ ಬರಹದಲ್ಲೇ ಆಗಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದು ಲೆಕ್ಕ. 'ಎಲ್ಲ ಹಕ್ಕೂ ಶಾಶ್ವತವಾಗಿ ನಮ್ಮದು' ಎಂದಿದ್ದರೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಿ.

ಇರುವ ದುಡಿಮೆಯನ್ನು ಮಾತ್ರ ಬಿಡಬೇಡಿ. ಬೀಡಿಯಾಗಲಿ, ಹೊಲಿಗೆಯಾಗಲಿ, ಹಪ್ಪಳವಾಗಲಿ, ಮನೆ ನಡೆಯುವುದು ಅದರಿಂದ. ಬರವಣಿಗೆ ಬದುವಿನಲ್ಲಿ ನೆಟ್ಟ ಗಿಡದ ಹಾಗೆ ಪಕ್ಕದಲ್ಲಿ ಬೆಳೆಯಲಿ.

ಮೊದಲ ಸಲ ನನ್ನ ಖಾತೆಗೆ ಬಂದದ್ದು ಎಂಟು ಸಾವಿರ ಚಿಲ್ಲರೆ. ಅದರಲ್ಲಿ 1,500 ತೆಗೆದು ಮೊದಲು ಸಾಸಿವೆ ಡಬ್ಬಿಗೆ ಹಾಕಿದೆ. ಅಂದು ಸಂಜೆ ಪಕ್ಕದ ಮನೆಯವಳು ಬಂದು ಜಗಲಿಯಲ್ಲಿ ಕೂತಳು. "ನನ್ನ ಅಜ್ಜಿ ಬಾಣಂತಿಗೆ ಮಾಡುತ್ತಿದ್ದ ಕಷಾಯ, ಲೇಹ್ಯ ಎಲ್ಲ ನನಗೆ ಬಾಯಿಪಾಠ. ಬರೆದರೆ ಓದುತ್ತಾರಾ ಅಕ್ಕಾ?" ಅಂತ ಕೇಳಿದಳು. ಮೊಬೈಲ್ ಅವಳ ಕೈಗೆ ಕೊಟ್ಟು, "ಹೇಳು, ಅದೇ ಬರೆದುಕೊಳ್ಳುತ್ತದೆ" ಎಂದೆ.

ನಿಮ್ಮ ಹತ್ತಿರ ಏನುಂಟು, ಹೇಳಿ?