ಮನಸ್ಸಿಗೂ ಬೇಕು ತುರ್ತು ಚಿಕಿತ್ಸೆ

ಕೈಕಾಲು ಮುರಿದರೆ ನಡುರಾತ್ರಿಯಲ್ಲಿಯೂ ಆಸ್ಪತ್ರೆಯ ಬಾಗಿಲು ತಟ್ಟುವವರು ನಾವು. ಮನಸ್ಸು ಕುಸಿದಾಗ ಮಾತ್ರ ‘ಬೆಳಗಾಗಲಿ, ನೋಡೋಣ’ ಎನ್ನುತ್ತೇವೆ. ಮುಂಬಯಿಯ ಚಾಳುಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಬಾಳುವ ನಮಗೆ, ನೆರೆಯವರು ಏನೆಂದಾರೋ ಎಂಬ ಸಂಕೋಚವೇ ದೊಡ್ಡದು.

ಕೆಲವು ವರ್ಷಗಳ ಹಿಂದೆ, ಪರೀಕ್ಷೆಯ ಮುನ್ನಾದಿನ, ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ, ಕೈ ನಡುಗತೊಡಗಿತು. ಹತ್ತಿರದ ದವಾಖಾನೆಯವರು ಪರೀಕ್ಷಿಸಿ, ‘ಏನೂ ಇಲ್ಲ’ ಎಂದು ಕಳುಹಿಸಿದರು. ಹೃದಯದಲ್ಲಿ ದೋಷವಿರಲಿಲ್ಲ, ನಿಜ. ಆದರೆ ಮನಸ್ಸಿನಲ್ಲಿ ಭಯವಿತ್ತು. ಅದನ್ನು ಕೇಳಬೇಕಾದವರಲ್ಲಿ ನಾವೂ ಇದ್ದೆವು, ನಾವೂ ಕೇಳಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕೂಡಲಿಲ್ಲ.

ಶರೀರಕ್ಕೊಂದು, ಮನಸ್ಸಿಗೊಂದು ಎಂಬ ಈ ಭೇದವನ್ನು ಕಾನೂನು ಒಪ್ಪುವುದಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಅಧಿನಿಯಮವು ೨೦೧೮ರಲ್ಲಿ ಜಾರಿಗೆ ಬಂದಿತು. ಶರೀರದ ರೋಗಿಗೆ ದೊರೆಯುವಂಥದೇ ತುರ್ತು ಸೇವೆಯೂ ಆಂಬ್ಯುಲೆನ್ಸ್ ಸೌಕರ್ಯವೂ ಮನೋರೋಗಿಗೆ ಸಲ್ಲಬೇಕೆಂದು ಅದರ ೨೧ನೆಯ ಕಲಮು ವಿಧಿಸುತ್ತದೆ. ಪ್ರಾಣಾಪಾಯವಿದ್ದಾಗ ಮನೋವೈದ್ಯರೇ ಬರಲೆಂದು ಕಾಯಬೇಕಾಗಿಲ್ಲ. ನೋಂದಾಯಿತ ವೈದ್ಯರು ಯಾರೇ ಆಗಲಿ, ಯಾವ ಆಸ್ಪತ್ರೆಯಲ್ಲಿಯೇ ಆಗಲಿ, ಸಾಮಾನ್ಯವಾಗಿ ೭೨ ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಲು ೯೪ನೆಯ ಕಲಮು ಅವಕಾಶ ಕೊಟ್ಟಿದೆ. ಅಷ್ಟರಲ್ಲಿ ರೋಗಿಯನ್ನು ತಜ್ಞರ ಬಳಿಗೆ ತಲುಪಿಸಬೇಕು.

ಸಾಮಾನ್ಯ ವೈದ್ಯರಿಂದ ಇದು ಸಾಧ್ಯವೆ? ಸಾಧ್ಯವೆಂದು ತೋರಿಸಿದುದು ನಮ್ಮ ಬಳ್ಳಾರಿ ಜಿಲ್ಲೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತರು. ಅದೇ ಮಾದರಿಯಲ್ಲಿ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಆದರೂ ದಾರಿ ಬಹಳ ಉಳಿದಿದೆ. ೨೦೧೫-೧೬ರಲ್ಲಿ ನಿಮ್ಹಾನ್ಸ್ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಮಾನಸಿಕ ತೊಂದರೆಯುಂಟು; ಅವರಲ್ಲಿ ಬಹುತೇಕರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಬಾಗಿಲವರೆಗೆ ಹೋಗಲಾರದವರಿಗೆ ದೂರವಾಣಿಯಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ-ಮಾನಸ್’ ಸೇವೆಯ ಸಂಖ್ಯೆ ೧೪೪೧೬. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಪರನಾಡಿನಲ್ಲಿ ನೊಂದವನಿಗೆ ತಾಯ್ನುಡಿಯಲ್ಲಿ ಅಳಲು ತೋಡಿಕೊಳ್ಳುವುದೇ ಅರ್ಧ ಉಪಶಮನವಲ್ಲವೆ?

ವಿದ್ಯಾರ್ಥಿಮಿತ್ರರೆ, ಗೆಳೆಯನೊಬ್ಬನು ‘ಬದುಕು ಸಾಕು’ ಎಂದರೆ ನಗಬೇಡಿರಿ, ಉಪದೇಶಿಸಬೇಡಿರಿ, ಗುಟ್ಟಾಗಿಡಬೇಡಿರಿ. ಅವನನ್ನು ಒಂಟಿಯಾಗಿ ಬಿಡದೆ ಹಿರಿಯರಿಗೆ ತಿಳಿಸಿರಿ. ಆ ದಿನ ನಾವು ಕೇಳದೆ ಹೋದ ಪ್ರಶ್ನೆಯನ್ನು ನೀವು ಕೇಳಿರಿ: ‘ಏನಾಯಿತಪ್ಪಾ, ಹೇಳು.’