ಲಯವೋ, ದರ್ಜೆಯೋ? ಫುಟ್‌ಬಾಲ್ ಆಟ ಕಲಿಸುವ ಆಯ್ಕೆಯ ಲೆಕ್ಕಾಚಾರ

ಶನಿವಾರದ ಪಂದ್ಯಕ್ಕೆ ಹನ್ನೊಂದು ಮಂದಿಯ ಪಟ್ಟಿ ಸಿದ್ಧವಾಗಬೇಕಾಗಿದೆ. ಹತ್ತು ಹೆಸರುಗಳು ನಿಶ್ಚಯವಾಗಿವೆ; ಉಳಿದಿರುವುದು ಗೋಲು ಹೊಡೆಯುವ ಮುಂಚೂಣಿ ಆಟಗಾರನ ಸ್ಥಾನ ಮಾತ್ರ. ಒಬ್ಬನು ದುಬಾರಿ ಬೆಲೆ ತೆತ್ತು ತಂದ ಉನ್ನತ ದರ್ಜೆಯ ಆಟಗಾರ. ಆದರೆ ಕಳೆದ ಐದು ಪಂದ್ಯಗಳಲ್ಲಿ ಅವನಿಂದ ಒಂದು ಗೋಲೂ ಬಂದಿಲ್ಲ. ಇನ್ನೊಬ್ಬನು ಸಾಧಾರಣ ದರ್ಜೆಯವನು. ಆದರೆ ಸತತ ಮೂರು ಪಂದ್ಯಗಳಲ್ಲಿ ಗೋಲು ಗಳಿಸಿದ್ದಾನೆ. ಯಾರನ್ನು ಕಣಕ್ಕಿಳಿಸಬೇಕು?

ಕಂಪ್ಯೂಟರಿನ ಮುಂದೆ ಕುಳಿತು ಫುಟ್‌ಬಾಲ್ ತಂಡವೊಂದನ್ನು ನಡೆಸುವ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಆಟದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಮಕ್ಕಳ ಕಾಲಹರಣವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸರಬರಾಜುದಾರನನ್ನು ಆರಿಸುವಾಗ, ಮಾರಾಟ ಪ್ರತಿನಿಧಿಗೆ ಬಡ್ತಿ ಕೊಡುವಾಗ, ಮುಂದಿನ ಹಂಗಾಮಿಗೆ ಸರಕು ತುಂಬಿಸುವಾಗ ವರ್ತಕನ ಮುಂದೆ ನಿಲ್ಲುವುದೂ ಇದೇ ಪ್ರಶ್ನೆ. ಇತ್ತೀಚಿನ ಫಲಿತಾಂಶವನ್ನು ಎಷ್ಟು ನಂಬಬೇಕು? ದೀರ್ಘಕಾಲದ ದಾಖಲೆಯನ್ನು ಎಷ್ಟು ನಂಬಬೇಕು?

ಆಟದ ಒಳಲೆಕ್ಕ

ಈ ಆಟದ ಮೂಲ ಇಂಗ್ಲೆಂಡಿನಲ್ಲಿದೆ. ಪಾಲ್ ಮತ್ತು ಆಲಿವರ್ ಕಾಲ್ಯರ್ ಎಂಬ ಸೋದರರು ರೂಪಿಸಿದ ‘ಚಾಂಪಿಯನ್‌ಷಿಪ್ ಮ್ಯಾನೇಜರ್’ 1992ರಲ್ಲಿ ಮಾರುಕಟ್ಟೆಗೆ ಬಂದಿತು. ಪ್ರಕಾಶಕ ಸಂಸ್ಥೆಯಿಂದ ಬೇರ್ಪಟ್ಟ ಬಳಿಕ, 2004ರಿಂದ ಅವರ ಆಟ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅದರಲ್ಲಿ ಸಂಗ್ರಹವಾಗಿರುವ ಆಟಗಾರರ ಮಾಹಿತಿ ಎಷ್ಟು ವಿಸ್ತಾರವಾದುದೆಂದರೆ, ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ನೈಜ ಆಟಗಾರರ ಶೋಧಕ್ಕಾಗಿಯೇ ಅದನ್ನು ಬಳಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ಚೆಂಡಿನ ನಿಯಂತ್ರಣ, ವೇಗ, ಗೋಲು ಹೊಡೆಯುವ ಕೌಶಲ ಮೊದಲಾದ ಗುಣಗಳಿಗೆ ಆಟದಲ್ಲಿ 1ರಿಂದ 20ರವರೆಗೆ ಅಂಕಗಳಿವೆ. ಇವುಗಳ ಹಿಂದೆ 200ಕ್ಕೆ ಲೆಕ್ಕ ಹಾಕಿದ, ಆಡುವವನ ಕಣ್ಣಿಗೆ ಕಾಣದ ಒಟ್ಟು ಸಾಮರ್ಥ್ಯದ ಅಂಕವೊಂದಿದೆ. ಇದೇ ‘ದರ್ಜೆ’. ಇತ್ತೀಚಿನ ಪಂದ್ಯಗಳಲ್ಲಿ ಆಟಗಾರನಿಗೆ ದೊರೆತ ಅಂಕಗಳ ಸಾಲು ‘ಲಯ’. ದರ್ಜೆ ನಿಧಾನವಾಗಿ ಬದಲಾಗುತ್ತದೆ. ಲಯ ವಾರವಾರಕ್ಕೂ ಏರಿಳಿಯುತ್ತದೆ.

ಇಟಲಿಯ ಎರಡು ನಿದರ್ಶನಗಳು

ಈ ಗೊಂದಲ ಕಂಪ್ಯೂಟರಿನಲ್ಲಿ ಹುಟ್ಟಿದುದಲ್ಲ. 1982ರ ವಿಶ್ವಕಪ್‌ಗೆ ಇಟಲಿಯ ತರಬೇತುದಾರ ಎಂಜೊ ಬೇರ್ಜೋಟ್ ಅವರು ಪಾವ್ಲೊ ರೊಸ್ಸಿ ಅವರನ್ನು ಆರಿಸಿದಾಗ ದೇಶವೇ ಹುಬ್ಬೇರಿಸಿತ್ತು. ಪಂದ್ಯಗಳ ಮೋಸದಾಟದ ಹಗರಣದಲ್ಲಿ ಎರಡು ವರ್ಷ ನಿಷೇಧ ಅನುಭವಿಸಿದ ರೊಸ್ಸಿ ಆ ವರ್ಷದ ಮೇ ತಿಂಗಳಲ್ಲಷ್ಟೇ ಮೈದಾನಕ್ಕೆ ಮರಳಿದ್ದರು. ಆ ಹಂಗಾಮಿನ ಇಟಲಿ ಲೀಗ್‌ನಲ್ಲಿ ಅತಿ ಹೆಚ್ಚು, ಅಂದರೆ 15 ಗೋಲು ಗಳಿಸಿದ್ದ ರೊಬೆರ್ಟೊ ಪ್ರುಟ್ಸೊ ಅವರಿಗೆ ತಂಡದಲ್ಲಿ ಸ್ಥಾನವೇ ಸಿಗಲಿಲ್ಲ. ಮೊದಲ ನಾಲ್ಕು ಪಂದ್ಯಗಳಲ್ಲಿ ರೊಸ್ಸಿ ಒಂದೂ ಗೋಲು ಹೊಡೆಯಲಿಲ್ಲ. ಆದರೂ ತರಬೇತುದಾರರು ಕದಲಲಿಲ್ಲ. ಐದನೆಯ ಪಂದ್ಯದಲ್ಲಿ ಬ್ರೆಜಿಲ್ ವಿರುದ್ಧ ಮೂರು, ಸೆಮಿಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ ಎರಡು, ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಒಂದು, ಹೀಗೆ ಆರು ಗೋಲುಗಳೊಡನೆ ರೊಸ್ಸಿ ಇಟಲಿಗೆ ಕಪ್ ಗೆದ್ದುಕೊಟ್ಟರು. 1978ರ ವಿಶ್ವಕಪ್‌ನಲ್ಲಿ ಮೂರು ಗೋಲು, ಅದೇ ವರ್ಷದ ಲೀಗ್‌ನಲ್ಲಿ 24 ಗೋಲು ಹೊಡೆದಿದ್ದ ಹಳೆಯ ದಾಖಲೆಯೇ ಬೇರ್ಜೋಟ್ ಅವರ ಆಧಾರವಾಗಿತ್ತು.

ಎಂಟು ವರ್ಷಗಳ ಬಳಿಕ, 1990ರಲ್ಲಿ, ಅದೇ ಇಟಲಿಯಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಅಂತರರಾಷ್ಟ್ರೀಯ ಅನುಭವ ಅತ್ಯಲ್ಪವಾಗಿದ್ದ ಸಾಲ್ವಟೋರೆ ಸ್ಕಿಲ್ಲಾಚಿ ಮೊದಲ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದು ಆಸ್ಟ್ರಿಯಾ ವಿರುದ್ಧ ಗೆಲುವಿನ ಗೋಲು ಹೊಡೆದರು. ತರಬೇತುದಾರ ಅಜೆಲಿಯೊ ವಿಚಿನಿ ಅವರ ಲಯವನ್ನು ನಂಬಿ ಮುಂದುವರಿಸಿದರು. ಅವರೂ ಆರು ಗೋಲು ಗಳಿಸಿ ಪಂದ್ಯಾವಳಿಯ ಅಗ್ರ ಗೋಲುಗಾರರಾದರು. ಆದರೆ ಆ ಬಳಿಕ ಇಟಲಿಗಾಗಿ ಅವರು ಗಳಿಸಿದುದು ಒಂದೇ ಒಂದು ಗೋಲು.

ಇಬ್ಬರು ತರಬೇತುದಾರರ ನಿರ್ಧಾರವೂ ಸರಿಯಾಗಿಯೇ ಇತ್ತು. ವಿಚಿನಿ ಅವರು ಲಯವನ್ನು ನಂಬಿದುದು ಒಂದೊಂದು ಪಂದ್ಯದ ಮಟ್ಟಿಗೆ. ಫಲ ಬಾರದಿದ್ದರೆ ಮರುದಿನವೇ ಬದಲಿಸಬಹುದಿತ್ತು. ಆ ಬೇಸಿಗೆಯ ಆರು ಗೋಲುಗಳನ್ನೇ ಆಧಾರವಾಗಿಟ್ಟು ಮುಂದಿನ ವರ್ಷಗಳ ಲೆಕ್ಕ ಹಾಕಿದ್ದರೆ ಮಾತ್ರ ನಷ್ಟ ತಪ್ಪುತ್ತಿರಲಿಲ್ಲ.

ಅದೃಷ್ಟದ ಪಾಲು ಎಷ್ಟು?

ಲಯದಲ್ಲಿ ಆಕಸ್ಮಿಕದ ಪಾಲು ಸಾಮಾನ್ಯವಾಗಿ ನಾವು ಊಹಿಸುವುದಕ್ಕಿಂತ ಹೆಚ್ಚು. ಸರಾಸರಿ ಮೂರು ಪಂದ್ಯಗಳಿಗೊಮ್ಮೆ ಗೋಲು ಹೊಡೆಯುವ ಆಟಗಾರನು ಸತತ ಮೂರು ಪಂದ್ಯಗಳಲ್ಲಿ ಗೋಲು ಹೊಡೆಯುವ ಸಾಧ್ಯತೆ 27ರಲ್ಲಿ ಒಂದು. ಅಂತಹ 54 ಮಂದಿ ಇರುವ ಲೀಗ್‌ನಲ್ಲಿ, ಯಾವ ಮೂರು ವಾರಗಳನ್ನು ತೆಗೆದುಕೊಂಡರೂ, ಸರಾಸರಿ ಇಬ್ಬರು ಕೇವಲ ಆಕಸ್ಮಿಕವಾಗಿಯೇ ‘ಅಮೋಘ ಲಯ’ದಲ್ಲಿ ಕಾಣಿಸಿಕೊಳ್ಳುತ್ತಾರೆ. ಹತ್ತಾರು ಮಾರಾಟ ಪ್ರತಿನಿಧಿಗಳಿರುವ ಸಂಸ್ಥೆಯಲ್ಲಿ ಪ್ರತಿ ತ್ರೈಮಾಸಿಕಕ್ಕೂ ಒಬ್ಬ ‘ಹೊಸ ಪ್ರತಿಭೆ’ ಹೊರಹೊಮ್ಮುವುದರ ಗುಟ್ಟೂ ಹಲವು ವೇಳೆ ಇದೇ ಆಗಿರುತ್ತದೆ.

ಬಾಸ್ಕೆಟ್‌ಬಾಲ್ ಆಟಗಾರರ ‘ಬಿಸಿ ಕೈ’ ಕೇವಲ ಭ್ರಮೆಯೆಂದು ಗಿಲೊವಿಚ್, ವ್ಯಾಲೋನ್ ಮತ್ತು ಟ್ವರ್ಸ್ಕಿ 1985ರಲ್ಲಿ ವಾದಿಸಿದ್ದರು. ಆ ಲೆಕ್ಕದ ವಿಧಾನದಲ್ಲಿಯೇ ಸೂಕ್ಷ್ಮ ದೋಷವಿತ್ತೆಂದು ಮಿಲ್ಲರ್ ಮತ್ತು ಸಾನ್‌ಹುರ್ಹೊ 2018ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಲಯವೆಂಬುದು ಸಂಪೂರ್ಣ ಸುಳ್ಳೂ ಅಲ್ಲ; ಆದರೆ ಕಣ್ಣಿಗೆ ಕಾಣುವಷ್ಟು ದೊಡ್ಡದೂ ಅಲ್ಲ.

ವ್ಯಾಪಾರ ಕ್ಷೇತ್ರದಲ್ಲಿ ಈ ಮರೀಚಿಕೆಗೆ ಪ್ರಸಿದ್ಧ ಉದಾಹರಣೆಯೊಂದಿದೆ. ಅಮೆರಿಕದ ಪ್ರಾಧ್ಯಾಪಕ ಹೊರೇಸ್ ಸೆಕ್ರಿಸ್ಟ್ 1933ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ, ಒಂದು ವರ್ಷ ಅಗ್ರಸ್ಥಾನದಲ್ಲಿದ್ದ ವ್ಯಾಪಾರ ಸಂಸ್ಥೆಗಳು ಮುಂದಿನ ವರ್ಷಗಳಲ್ಲಿ ಸರಾಸರಿಯತ್ತ ಕುಸಿದುದನ್ನು ತೋರಿಸಿ, ಸ್ಪರ್ಧೆಯೇ ಇದಕ್ಕೆ ಕಾರಣವೆಂದರು. ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ಇದನ್ನು ಒಪ್ಪಲಿಲ್ಲ. ಒಂದು ವರ್ಷದ ಫಲಿತಾಂಶ ನೋಡಿ ಅಗ್ರರನ್ನು ಆರಿಸಿದಾಗ, ಆ ವರ್ಷ ಅದೃಷ್ಟ ಕೈಹಿಡಿದವರೂ ಪಟ್ಟಿಗೆ ಸೇರುತ್ತಾರೆ. ಅವರು ಬಳಿಕ ಸರಾಸರಿಯತ್ತ ಜಾರುವುದು ಗಣಿತದ ಸಹಜ ನಿಯಮ ಎಂಬುದು ಅವರ ವಿವರಣೆ.

ಲಯದ ಹಿಂದಿನ ಕಾರಣ

ಹಾಗೆಂದು ದರ್ಜೆಯೊಂದನ್ನೇ ನೆಚ್ಚುವುದು ಜಾಣತನವಲ್ಲ. ಪಂದ್ಯದ ಅಭ್ಯಾಸ, ದೈಹಿಕ ಸ್ಥಿತಿ, ಮನೋಬಲ ಇವು ಕಂಪ್ಯೂಟರ್ ಆಟದಲ್ಲಿ ಫಲಿತಾಂಶದ ಮೇಲೆ ನೇರ ಪರಿಣಾಮ ಬೀರುತ್ತವೆ. ಗಾಯದಿಂದ ಈಗಷ್ಟೇ ಮರಳಿದ ದೊಡ್ಡ ಆಟಗಾರನು ಅಭ್ಯಾಸ ಕುದುರುವವರೆಗೆ ತನ್ನ ಪೂರ್ಣ ಮಟ್ಟವನ್ನು ಮುಟ್ಟಲಾರ. ಸಾಮರ್ಥ್ಯಕ್ಕೆ ತಕ್ಕಂತೆ ಎಷ್ಟು ಬಾರಿ ಆಡುತ್ತಾನೆಂಬುದನ್ನು ನಿರ್ಧರಿಸುವ ‘ಸ್ಥಿರತೆ’ ಎಂಬ ಗುಣವೂ ತೆರೆಮರೆಯಲ್ಲಿದೆ. ದರ್ಜೆಯವನನ್ನು ಬಹುಕಾಲ ಹೊರಗೆ ಕೂರಿಸಿದರೆ ಅವನ ಅಸಮಾಧಾನ ಇತರರಿಗೂ ಹರಡಬಹುದು.

ಆದುದರಿಂದ ನುರಿತ ಆಟಗಾರರು ಅಂಕಗಳ ಸಾಲನ್ನಷ್ಟೇ ನೋಡದೆ, ಅದರ ಹಿಂದಿನ ಕಾರಣವನ್ನು ಹುಡುಕುತ್ತಾರೆ. ಗೋಲುಗಳು ಬಂದುದು ದುರ್ಬಲ ತಂಡಗಳ ವಿರುದ್ಧವೇ? ತಂಡದ ಆಟದ ಕ್ರಮ ಬದಲಾದುದರಿಂದಲೇ? ಇಬ್ಬರ ದರ್ಜೆಯ ಅಂತರ ಅಲ್ಪವಾಗಿದ್ದರೆ ಲಯದಲ್ಲಿರುವವನಿಗೆ ಅವಕಾಶ ಕೊಡುತ್ತಾರೆ. ಅಂತರ ಹಿರಿದಾಗಿದ್ದು, ದೊಡ್ಡ ಆಟಗಾರನು ದೈಹಿಕವಾಗಿ ಸಮರ್ಥನಾಗಿದ್ದರೆ ಅವನನ್ನೇ ಇಳಿಸುತ್ತಾರೆ.

ಗಲ್ಲಾಪೆಟ್ಟಿಗೆಯ ಮುಂದೆ

ಸಣ್ಣ ಉದ್ದಿಮೆದಾರನ ಮಟ್ಟಿಗೂ ಇದನ್ನೇ ಅನ್ವಯಿಸಬಹುದು. ಮೂರು ತಿಂಗಳು ಹೊತ್ತಿಗೆ ಸರಿಯಾಗಿ ಮಾಲು ಕಳುಹಿಸಿದ ಹೊಸ ಸರಬರಾಜುದಾರನಿಗೆ ಮುಂದಿನ ಆರ್ಡರಿನ ಒಂದು ಭಾಗ ಕೊಡಬಹುದು. ಹತ್ತು ವರ್ಷ ಕೈಬಿಡದ ಹಳಬನು ಒಮ್ಮೆ ತಡಮಾಡಿದನೆಂದು ಖಾತೆಯನ್ನೇ ಮುಚ್ಚುವುದು ಸಲ್ಲದು. ಮೊದಲು ತಡವಾದುದೇಕೆಂದು ವಿಚಾರಿಸಬೇಕು. ಒಂದು ಹಬ್ಬದ ಹಂಗಾಮಿನ ಭರ್ಜರಿ ಮಾರಾಟ ನೋಡಿ ಹೆಚ್ಚುವರಿ ಸರಕು ತರಿಸುವುದು ಒಂದು ಪಂದ್ಯದ ನಿರ್ಧಾರ. ಅದೇ ಆಧಾರದ ಮೇಲೆ ಸಾಲ ಮಾಡಿ ಹೊಸ ಯಂತ್ರ ಕೊಳ್ಳುವುದು ಐದು ವರ್ಷಗಳ ಕರಾರು.

ನಾಳೆ ಬದಲಿಸಬಹುದಾದ ನಿರ್ಧಾರಕ್ಕೆ ಲಯ ಸಾಕು. ಬದಲಿಸಲಾಗದ ನಿರ್ಧಾರಕ್ಕೆ ದೀರ್ಘಕಾಲದ ದಾಖಲೆಯೇ ಬೇಕು. ಕಂಪ್ಯೂಟರ್ ಆಟದಲ್ಲಿ ತಪ್ಪಿದರೆ ಮೊದಲಿನಿಂದ ಆರಂಭಿಸಬಹುದು. ವ್ಯಾಪಾರದಲ್ಲಿ ಆ ಸೌಲಭ್ಯವಿಲ್ಲ.