ಪೀಪಾಯಿ ಬದಲಾದರೆ ರುಚಿ ಬದಲಾಗುತ್ತದೆಯೇ?

ಈ ಬಾರಿಯ ಪತ್ರ ಮಾಟುಂಗಾದ ಹಿರಿಯರೊಬ್ಬರದು. ಮೈಕಿನ ಮುಂದೆ ಓದುವಂಥದ್ದಲ್ಲ, ಆದ್ದರಿಂದ ಇಲ್ಲಿ ಉತ್ತರಿಸುತ್ತಿದ್ದೇನೆ. ಅವರ ಅಳಿಯಂದಿರು ಎರಡು ಬಾಟಲಿ ‘ಅಮೃತ್’ ಸಿಂಗಲ್ ಮಾಲ್ಟ್ ವಿಸ್ಕಿ ಉಡುಗೊರೆ ಕೊಟ್ಟಿದ್ದಾರಂತೆ. ಒಂದು ಸಾದಾ, ಇನ್ನೊಂದು ‘ಪೋರ್ಟೊನೋವಾ’. "ಎರಡನೆಯದು ಭಾರೀ ದುಬಾರಿ. ನನಗೆ ನಾಲಿಗೆ ಸುಟ್ಟಿದ್ದಷ್ಟೇ ಗೊತ್ತು. ಹೇಗಿತ್ತು ಮಾವ ಅಂತ ದಿನಾ ಫೋನ್ ಮಾಡುತ್ತಾನೆ. ಏನು ಹೇಳಲಿ?"

ಹಿರಿಯರೇ, ನಾಚಿಕೆ ಬೇಡ. ಮೊದಲ ಸಲ ಇಂಥದ್ದಕ್ಕೆ ಗ್ಲಾಸು ತುಂಬ ಐಸ್ ಸುರಿದು, "ಆಹಾ" ಎಂದು ಸುಳ್ಳು ಹೇಳಿದವನು ನಾನು.

ಉಪ್ಪಿನಕಾಯಿ ಭರಣಿಯನ್ನು ಎಷ್ಟು ತೊಳೆದರೂ ಅದರಲ್ಲಿಟ್ಟ ಬೆಲ್ಲಕ್ಕೆ ಇಂಗಿನ ವಾಸನೆ ಹತ್ತುತ್ತದಲ್ಲ, ವಿಸ್ಕಿಯದೂ ಅದೇ ಕತೆ. ಅಮೆರಿಕದ ಬೋರ್ಬನ್ನನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬ ನಿಯಮವಿದೆ. ಖಾಲಿಯಾದ ಪೀಪಾಯಿಗಳು ಬೇರೆ ದೇಶಗಳ ವಿಸ್ಕಿಗೆ ಒದಗುತ್ತವೆ. ಅಲ್ಲಿ ಮಾಗಿದ ವಿಸ್ಕಿಯನ್ನು ಕೊನೆಗೆ ಕೆಲಕಾಲ ಶೆರಿ ಅಥವಾ ಪೋರ್ಟ್ ವೈನ್ ಇದ್ದ ಪೀಪಾಯಿಗೆ ವರ್ಗಾಯಿಸುವುದೇ ‘ಫಿನಿಶ್’. ಸ್ಕಾಟ್ಲೆಂಡಿನ ಬಾಲ್ವೆನಿಯಲ್ಲಿ ಡೇವಿಡ್ ಸ್ಟೀವರ್ಟ್ 1980ರ ದಶಕದಲ್ಲಿ ಈ ಕ್ರಮ ರೂಢಿಸಿದರು. ಅವರ ‘ಡಬಲ್‌ವುಡ್’ ಬಂದದ್ದು 1993ರಲ್ಲಿ.

ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲಿ! ಮೈಸೂರು ರಸ್ತೆಯ ಕಂಬೀಪುರದಲ್ಲಿ ಅದನ್ನು ತಯಾರಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2 ಶೇಕಡ ಆವಿಯಾದರೆ ಇಲ್ಲಿ 10ರಿಂದ 12 ಶೇಕಡ. ಸೆಕೆಗೆ ಮರದ ಸತ್ವವೂ ಬೇಗ ಇಳಿಯುತ್ತದೆ. ಹಾಗಾಗಿ ಇಲ್ಲಿ ಬಾಟಲಿಯ ವಯಸ್ಸು ಎಣಿಸಿ ಪ್ರಯೋಜನವಿಲ್ಲ. ಪೋರ್ಟೊನೋವಾವನ್ನು ಪೋರ್ಟ್ ಪೀಪಾಯಿಯಲ್ಲಿಟ್ಟು, ಮತ್ತೆ ಬೋರ್ಬನ್ ಪೀಪಾಯಿಗೇ ತರುತ್ತಾರೆ. ಹೋಳಿಗೆಯಲ್ಲಿ ಹೂರಣ ಇದ್ದಂತೆ.

ಈಗ ನಾಲಿಗೆ ಸುಟ್ಟ ವಿಷಯ. ಸಾದಾ ಅಮೃತ್‌ನಲ್ಲಿ ಆಲ್ಕೋಹಾಲ್ 46 ಶೇಕಡ, ಪೋರ್ಟೊನೋವಾದಲ್ಲಿ 62.1. ನಿಮ್ಮನ್ನು ಸುಟ್ಟದ್ದು ಪೋರ್ಟ್ ಅಲ್ಲ, ಈ ಅಂಕಿ. ಎರಡನ್ನೂ ಹಾಗೇ ಹೋಲಿಸುವುದು ಒಬ್ಬ ಗಾಯಕನಿಗೆ ಮೈಕು ಕೊಟ್ಟು ಇನ್ನೊಬ್ಬನಿಗೆ ಕೊಡದ ಹಾಗೆ. ಎರಡರಿಂದಲೂ 15 ಮಿ.ಲೀ. ಮಾತ್ರ ಅಳೆದುಕೊಳ್ಳಿ. ಪೋರ್ಟೊನೋವಾಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು ಸೇರಿಸಿ. ಅದೂ 46ರ ಹತ್ತಿರಕ್ಕೆ ಇಳಿಯುತ್ತದೆ. ಐಸ್ ಬೇಡ, ತಣ್ಣಗಾದರೆ ಪರಿಮಳ ಏಳುವುದಿಲ್ಲ. ಎಲೆಅಡಿಕೆ, ಕಾಫಿ ಆದಮೇಲೆ ಒಂದು ಗಂಟೆ ಬಿಡಿ. ಬಾಯಿ ಅಗಲವಾದ ಗ್ಲಾಸಿಗಿಂತ ಮೇಲೆ ಕಿರಿದಾದದ್ದು ಒಳ್ಳೆಯದು.

ಮೊದಲು ಮೂಸಿ, ಬಾಯಿ ತುಸು ತೆರೆದುಕೊಂಡು. ಸಾದಾದಲ್ಲಿ ನನಗೆ ಸಿಕ್ಕಿದ್ದು ವೆನಿಲಾ, ಜೇನು, ಹುರಿದ ಧಾನ್ಯ. ಪೋರ್ಟಿನಲ್ಲಿ ಕೆಂಪು ಹಣ್ಣಿನ ಜಾಮ್, ಒಣದ್ರಾಕ್ಷಿ. ನುಂಗಿದ ಮೇಲೆ ಗಮನಿಸಬೇಕಾದದ್ದು ಒಗರು. ಎಳೆ ಅಡಿಕೆ ಅಗಿದಾಗ ನಾಲಿಗೆಯ ಅಂಚು ಬಿಗಿಯುತ್ತದಲ್ಲ, ಮರ ಮತ್ತು ವೈನ್ ಬಿಟ್ಟುಹೋದ ಗುರುತು ಅದು. ನಂತರ ಮರೆಯದೆ ಸಾದಾಕ್ಕೆ ಮರಳಿ. ವ್ಯತ್ಯಾಸ ತಿಳಿಯುವುದು ಎರಡನೆಯ ಸುತ್ತಿನಲ್ಲೇ.

ಬಣ್ಣವನ್ನು ಮಾತ್ರ ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನೇ ಅನುಮತಿಸುತ್ತದೆ. ಗ್ಲಾಸಿಗೆ ಕಾಗದ ಸುತ್ತಿ, ಯಾವುದು ಯಾವುದೆಂದು ಮನೆಯವರಿಗೆ ಮಾತ್ರ ತಿಳಿದಿರಲಿ. ನನ್ನ ಅನಿಸಿಕೆ ಕೇಳಿದರೆ, ಫಿನಿಶ್ ಒಳ್ಳೆಯದಾಗಿದ್ದರೆ ಒಳಗಿನ ಬಾರ್ಲಿಯ ರುಚಿ ಇನ್ನೂ ಸಿಗಬೇಕು. ಬರೀ ದ್ರಾಕ್ಷಿಯೇ ಸಿಕ್ಕರೆ ಅಷ್ಟು ದುಡ್ಡು ಕೊಡಬೇಕಿರಲಿಲ್ಲ. ಪೋರ್ಟೊನೋವಾ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಸ್ವಲ್ಪ ಜೋರುಮಾತಿನವನಾದರೂ.

ಕುಡಿಯದವರಿಗೆ ಇದು ಆಹ್ವಾನವಲ್ಲ. ಡಾಕ್ಟರು ಬೇಡವೆಂದಿದ್ದರೆ ಮೂಸಿ ನೋಡಿ ಅಳಿಯಂದಿರಿಗೆ ಕೊಟ್ಟುಬಿಡಿ. ಹಾಗಿಲ್ಲದಿದ್ದರೆ ಮುಂದಿನ ಸಲ ಅವರು ಬಂದಾಗ ಕಾಗದ ಸುತ್ತಿದ ಗ್ಲಾಸು ಅವರ ಕೈಗೂ ಕೊಡಿ. ಯಾರು ಸರಿಯಾಗಿ ಹೇಳಿದಿರಿ ಅಂತ ನನಗೆ ಬರೆಯಿರಿ.